ಕರೆಂಟ್ ಇಲ್ಲದಾಗ ಅತ್ತೆ

ಮಾರ್ಚ್ ೪, ಮಂಗಳವಾರ

ನಿನ್ನೆ ರಾತ್ರಿಯೂ ಕರೆಂಟ್ ಹೋಯಿತು. ಹತ್ತಕ್ಕೆ ಹೋದದ್ದು ಬೆಳಕು ಹರಿಯುವ ಹೊತ್ತಿಗೆ ಬಂತು. ಹಳೆಯ ತಂತಿ ಕಿತ್ತು ಹೊಸ ತಂತಿ ಎಳೆಯುತ್ತಾರಂತೆ, ಕೆಲಸ ಮುಗಿಯುವವರೆಗೆ ರಾತ್ರಿಗಳ ಪಾಡು ಇಷ್ಟೇ ಎಂದು ವಿದ್ಯುತ್ ಕಚೇರಿಯವರು ಬೀದಿಯ ಕಂಬಕ್ಕೆ ಚೀಟಿ ಅಂಟಿಸಿದ್ದಾರೆ. ಯಾವಾಗ ಮುಗಿಯುತ್ತದೆ ಎಂದು ಬರೆದ ಜಾಗದಲ್ಲಿ ಮಾತ್ರ ಅಂಟು ಹೆಚ್ಚಾಗಿ ಅಕ್ಷರ ಕಲಸಿಹೋಗಿದೆ.

ಕರೆಂಟ್ ಹೋದರೆ ಬೀದಿಗೆಲ್ಲ ಫ್ಯಾನ್ ನಿಲ್ಲುತ್ತದೆ, ನನಗೆ ಉಸಿರು ನಿಲ್ಲುತ್ತದೆ. ಬಣ್ಣ ಕಟ್ಟಿ ಹೇಳುತ್ತಿಲ್ಲ, ನನ್ನ ಕಾಯಿಲೆಯೇ ಅದು. ಮಲಗಿದೊಡನೆ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುವುದು, ಗಾಬರಿಬಿದ್ದು ಅರ್ಧ ಎಚ್ಚರವಾಗುವುದು, ಮತ್ತೆ ನಿದ್ದೆ, ಮತ್ತೆ ನಿಲ್ಲುವುದು. ಅದಕ್ಕೆ ಡಾಕ್ಟರು ಒಂದು ಯಂತ್ರ ಬರೆದುಕೊಟ್ಟಿದ್ದಾರೆ. ಚಪ್ಪಲಿ ಡಬ್ಬದಷ್ಟು ದೊಡ್ಡದು. ಅದಕ್ಕೊಂದು ಕೊಳವೆ, ಕೊಳವೆಯ ತುದಿಗೆ ಮುಖವಾಡ. ರಾತ್ರಿಯಿಡೀ ಗಾಳಿ ಊದಿ ಗಂಟಲನ್ನು ತೆರೆದಿಡುತ್ತದೆ. ಗೋಡೆಯ ಪ್ಲಗ್ಗಿನಲ್ಲಿ ಕರೆಂಟ್ ಇದ್ದರೆ ಅದು ಯಂತ್ರ, ಇಲ್ಲದಿದ್ದರೆ ಬರೀ ಸೊಂಡಿಲು.

ಸೊಂಡಿಲು ಎಂಬುದು ನನ್ನ ಅತ್ತೆಯ ಮಾತು. ಹೆಂಡತಿ ತೀರಿಕೊಂಡು ಎರಡು ವರ್ಷವಾಗುತ್ತ ಬಂತು. ಆಗ ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದ ಆಕೆಯ ತಾಯಿ ಆ ನಾಲ್ಕು ದಿನವನ್ನು ಇನ್ನೂ ಮುಗಿಸಿಲ್ಲ. 'ಅಳಿಯ ಅಲ್ಲ, ಮಗಳ ಗಂಡ' ಎಂದು ಗಾದೆಯಿದೆ. ಮಗಳೇ ಇಲ್ಲವಾದ ಮೇಲೆ ನಾನು ಏನು ಎಂಬುದನ್ನು ಗಾದೆ ಮಾಡಿದವರು ಯೋಚಿಸಿದಂತಿಲ್ಲ. ಮುದುಕಿಗೆ ಎಂಬತ್ತರ ಹತ್ತಿರ. ಕಿವಿ ಮಾತ್ರ ಇಪ್ಪತ್ತರದು. ನನ್ನ ಉಸಿರು ನಿಲ್ಲುವುದನ್ನು ಗೋಡೆಯಾಚೆಯಿಂದ ಕೇಳಿಸಿಕೊಂಡು, ನನ್ನನ್ನು ಡಾಕ್ಟರ ಬಳಿಗೆ ಎಳೆದುಕೊಂಡು ಹೋದವರೂ ಇವರೇ. "ಆ ಮನೆಯಿಂದ ಒಬ್ಬಳು ಹೋಗಿದ್ದು ಸಾಕು, ಇವರನ್ನ ರಿಪೇರಿ ಮಾಡಿ" ಎಂದು ಡಾಕ್ಟರಿಗೆ ಹೇಳಿದರು, ಹೊಲಿಗೆ ಬಿಚ್ಚಿದ ಚೀಲ ತೋರಿಸುವ ಹಾಗೆ.

ಕರೆಂಟ್ ಇಲ್ಲದ ಬೆಳಗಿನಲ್ಲಿ ಬಾಗಿಲು ತಟ್ಟುವ ರೀತಿ ಹೀಗೆ: "ಅಳಿಯಂದ್ರೇ, ಇದ್ದೀರೋ ಹೋದ್ರೋ?" ಮರ್ಯಾದೆಗೆ ಕೊರತೆಯಿಲ್ಲ, ಎಲ್ಲವೂ ಬಹುವಚನದಲ್ಲೇ.

ಇಂದು ಬಾಮೈದ ಬಂದಿದ್ದ. ಇದೇ ಊರಿನಲ್ಲಿ ಅವನದು ಮಂಚ, ಕುರ್ಚಿ ಮಾರುವ ಅಂಗಡಿ. ತಾಯಿಗೆಂದು ಕಿಟಕಿಯಿರುವ ಕೋಣೆಯೊಂದನ್ನು ಬಣ್ಣ ಬಳಿಸಿ ಇಟ್ಟುಕೊಂಡು ಕಾಯುತ್ತಿದ್ದಾನೆ.

"ಬಾಮ್ಮ ಇನ್ನಾದ್ರೂ. ಮಂಚ ಕೂಡ ಹೊಸದು."

"ಬರ್ತೀನಿ ಕಣೋ. ಕರೆಂಟ್ ಹೋದ ರಾತ್ರೀಲೂ ಇವರು ಸಾಯದೆ ಮಲಗೋದಕ್ಕೆ ಏನಾದ್ರೂ ವ್ಯವಸ್ಥೆ ಆಗಲಿ. ಒಂದು ರಾತ್ರಿ ಪೂರ್ತಿ ನನ್ನ ಕಿವೀಲಿ ಕೇಳಿಸ್ಕೋತೀನಿ. ಮಾರನೇ ದಿನ ಬ್ಯಾಗ್ ಎತ್ತೋದೇ."

ಎಂದರೆ, ಯಂತ್ರಕ್ಕೊಂದು ಬ್ಯಾಟರಿ ಬಂದ ದಿನ ನನಗೆ ಸ್ವಾತಂತ್ರ್ಯ. ಸಾರಿನ ಉಪ್ಪಿನ ಬಗ್ಗೆ ಭಾಷಣವಿಲ್ಲ, ಒದ್ದೆ ಟವೆಲಿನ ಬಗ್ಗೆ ವಿಚಾರಣೆಯಿಲ್ಲ. ಟೂ ಬರ್ಡ್ಸ್, ಒನ್ ಸ್ಟೋನ್. ಕಾಲೇಜಿನಲ್ಲಿ ಇದನ್ನು ಕಲ್ಲಿನಿಂದ ಶುರು ಮಾಡುತ್ತಿದ್ದರೋ ಹಕ್ಕಿಯಿಂದಲೋ ಮರೆತಿದ್ದೇನೆ. ನಾಳೆಯೇ ಬ್ಯಾಟರಿ.

ಮಾರ್ಚ್ ೬, ಗುರುವಾರ

ಬ್ಯಾಟರಿ ಇಲ್ಲ. ಇಡೀ ಊರು ನನಗಿಂತ ಮೊದಲು ಎಚ್ಚೆತ್ತಿದೆ. ಅಂಗಡಿಯವನು ಖಾಲಿ ಕಪಾಟು ತೋರಿಸಿ "ಮುಂದಿನ ತಿಂಗಳು ಬನ್ನಿ ಸಾರ್" ಎಂದ. "ಅಲ್ಲೀವರೆಗೂ ಉಸಿರಾಡೋದು ಹೇಗಪ್ಪಾ?" ಎಂದೆ. ತಮಾಷೆ ಎಂದುಕೊಂಡು ನಕ್ಕ.

ಮಾರ್ಚ್ ೧೧, ಮಂಗಳವಾರ

ಆಗಬಾರದ್ದು ಆಯಿತು.

ನನ್ನ ಕೆಲಸ ಕಾರು ಕಲಿಸುವುದು. ಕಲಿಯುವವರ ಪಕ್ಕದ ಸೀಟಿನಲ್ಲಿ ನಾನು, ನನ್ನ ಕಾಲ ಬಳಿ ಇನ್ನೊಂದು ಜೊತೆ ಬ್ರೇಕು, ಕ್ಲಚ್ಚು. ಇಪ್ಪತ್ತೈದು ವರ್ಷದಿಂದ ಇದೇ ಸೀಟು. ನಾನು ಹೇಳಿದ್ದಲ್ಲದೆ ಬೇರೆ ಮಾಡಕೂಡದು ಎಂಬುದು ಮೊದಲ ಪಾಠದಲ್ಲೇ ನಾನು ಹಾಕುವ ನಿಯಮ. ಆ ನಿಯಮವೇ ಇಂದು ನನ್ನ ಕತ್ತು ಹಿಡಿಯಿತು.

ಬೆಳಗಿನ ಎಂಟರ ಪಾಠ ಔಷಧಿ ಅಂಗಡಿಯ ಹುಡುಗಿಯದು. ಬಹಳ ವಿಧೇಯಳು. ಮಾತ್ರೆ ಎಣಿಸಿ ಎಣಿಸಿ ಬಂದ ಗುಣವಿರಬೇಕು. ದೊಡ್ಡ ರಸ್ತೆಗೆ ಹತ್ತಿಸಿದೆ, "ನೇರ ಹೋಗಮ್ಮ" ಎಂದೆ. ಅಷ್ಟು ನೆನಪಿದೆ. ಆಮೇಲೆ ಯಾರೋ ಭುಜ ಅಲ್ಲಾಡಿಸುತ್ತಿದ್ದರು. ಕಣ್ಣು ಬಿಟ್ಟರೆ ಎದುರಿಗೆ ಸುಂಕದ ಗೇಟು, ಹಿಂದೆ ಲಾರಿಗಳ ಸಾಲು, ಎಲ್ಲವೂ ಒಟ್ಟಿಗೆ ಹಾರ್ನ್ ಹೊಡೆಯುತ್ತಿವೆ.

"ಎಲ್ಲಿದ್ದೀವಿ?"

"ಪಕ್ಕದ ಊರು ಸರ್."

"ಇಲ್ಲಿಗ್ಯಾಕೆ ಬಂದೆ?"

"ನೀವು ನೇರ ಹೋಗು ಅಂದ್ರಿ. ತಿರುಗು ಅನ್ನಲೇ ಇಲ್ಲ."

ತಪ್ಪು ಹುಡುಕಲು ಹೊರಟರೆ ಒಂದೂ ಸಿಗಲಿಲ್ಲ. ಗೇರು, ಕನ್ನಡಿ, ವೇಗ ಎಲ್ಲ ಸರಿ. ಮಧ್ಯೆ ಎರಡು ಬಸ್ಸುಗಳನ್ನು ಹಿಂದೆ ಹಾಕಿದಳಂತೆ. ನಾನು ಎಚ್ಚರವಿದ್ದಿದ್ದರೆ ಖಂಡಿತ ಬಿಡುತ್ತಿರಲಿಲ್ಲ.

ಮಾರ್ಚ್ ೧೨, ಬುಧವಾರ

ಡ್ರೈವಿಂಗ್ ಸ್ಕೂಲಿನ ಮಾಲೀಕರು ಕರೆಸಿದರು. ಔಷಧಿ ಅಂಗಡಿಗೆ ಒಂದೂವರೆ ಗಂಟೆ ತಡವಾಗಿ ಹೋದದ್ದಕ್ಕೆ ಆ ಹುಡುಗಿ ನಿಜವಾದ ಕಾರಣವನ್ನೇ ಹೇಳಿದಳಂತೆ. ಔಷಧಿ ಅಂಗಡಿಯಲ್ಲಿ ಹೇಳಿದ್ದು ಊರಿಗೆಲ್ಲ ಗೊತ್ತಾಗದೆ ಇರುತ್ತದೆಯೇ?

ಕಾಲೇಜಿನಲ್ಲಿ ಪ್ಯಾಸಿವ್ ವಾಯ್ಸ್ ಎಂದು ಕಲಿಸಿದ್ದರು. ತಪ್ಪು ಮಾಡಿದವನಿಗೆ ಅಡಗಿಕೊಳ್ಳಲು ಬಲು ಒಳ್ಳೆಯ ಜಾಗ. "ಸರ್, ದ ಟರ್ನಿಂಗ್ ವಾಸ್ ಮಿಸ್ಡ್" ಎಂದೆ.

"ಯಾರು ಮಿಸ್ ಮಾಡಿದ್ದು?"

ಜಾಗ ಅಷ್ಟೇನೂ ಭದ್ರವಿಲ್ಲ.

"ನೋಡಿ, ನಿಮ್ಮ ಮೇಲೆ ನನಗೆ ಗೌರವ ಇದೆ. ನನಗೂ ಕಾರು ಕಲಿಸಿದ್ದು ನೀವೇ. ಇನ್ನೊಂದು ಸಲ ಆ ಸೀಟಲ್ಲಿ ನಿದ್ದೆ ಮಾಡಿದ್ರೆ ಮನೇಲೇ ಮಲಗಿಬಿಡಿ."

ಅತ್ತೆಗೆ ಹೇಳಬಾರದೆಂದುಕೊಂಡಿದ್ದೆ. ಮನೆಗೆ ಬಂದರೆ ಅವರೇ "ಪಕ್ಕದ ಊರಲ್ಲಿ ಹವಾ ಹೇಗಿತ್ತು?" ಎಂದರು. ಗಂಟಲ ಮಾತ್ರೆ ತರಲು ಔಷಧಿ ಅಂಗಡಿಗೆ ಹೋಗಿದ್ದರಂತೆ.

ಮಾರ್ಚ್ ೧೪, ಶುಕ್ರವಾರ

ನಾನು ದಡ್ಡ. ಬ್ಯಾಟರಿಗಾಗಿ ಊರೆಲ್ಲ ಅಲೆದೆ. ರಾತ್ರಿ ನನ್ನ ಮನೆಯ ಮುಂದೆಯೇ ನಿಲ್ಲುವ ಪಾಠದ ಕಾರಿನ ಹೊಟ್ಟೆಯಲ್ಲಿ ಇರುವುದು ಏನು? ಕಂಕುಳಲ್ಲಿ ಮಗು, ಊರೆಲ್ಲ ಹುಡುಕಾಟ.

ನಿನ್ನೆ ಸಂಜೆ ಪಾನಾ ತೆಗೆದುಕೊಂಡು ಬಾನೆಟ್ ಎತ್ತಿ, ಮೊದಲು ನೆಗೆಟಿವ್ ಬಿಚ್ಚಿ, ಆಮೇಲೆ ಪಾಸಿಟಿವ್ ಬಿಚ್ಚಿ, ಬ್ಯಾಟರಿಯನ್ನು ಹೊಸ ಹಸುಗೂಸಿನ ಹಾಗೆ ಎತ್ತಿ ತಂದು ಮಂಚದ ಪಕ್ಕ ಮಲಗಿಸಿದೆ. ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟ್ ಮಾಡುವ ಸಣ್ಣ ಪೆಟ್ಟಿಗೆಯೊಂದು ಗೆಳೆಯ ಎಲೆಕ್ಟ್ರಿಷಿಯನ್‌ನ ಬಳಿ ಇತ್ತು. ಅದನ್ನು ನಡುವೆ ಸೇರಿಸಿದೆ. ಅತ್ತೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು.

"ಮುಖಕ್ಕೆ ಸೊಂಡಿಲು, ಸೊಂಡಿಲಿಗೆ ಡಬ್ಬ, ಡಬ್ಬಕ್ಕೆ ಪೆಟ್ಟಿಗೆ, ಪೆಟ್ಟಿಗೆಗೆ ಕಾರು. ನಾಳೆ ಪೆಟ್ರೋಲ್ ಬಂಕನ್ನೂ ತಂದು ಅಡುಗೆಮನೇಲಿ ಇಟ್ಟುಬಿಡಿ."

ಹತ್ತಕ್ಕೆ ಕರೆಂಟ್ ಹೋಯಿತು. ನಾನು ರಾಜನ ಹಾಗೆ ಮಲಗಿದೆ. ಏನು ನಿದ್ದೆ! ನೆಸೆಸಿಟಿ ಈಸ್ ದ ಮದರ್ ಆಫ್... ಯಾರದೋ ಮದರ್.

ಅತ್ತೆ ಮಾತ್ರ ಇದನ್ನು ವ್ಯವಸ್ಥೆ ಎಂದು ಒಪ್ಪಲಿಲ್ಲ. ಕದ್ದ ಮಾಲು ಲೆಕ್ಕಕ್ಕಿಲ್ಲವಂತೆ.

ಮಾರ್ಚ್ ೧೫, ಶನಿವಾರ

ಬೆಳಗಿನ ಪಾಠ ಬ್ಯಾಂಕಿನವರದು. ದಪ್ಪ ಮನುಷ್ಯ, ಸ್ಟೇರಿಂಗನ್ನು ತಿಜೋರಿಯ ಬಾಗಿಲಿನಂತೆ ಹಿಡಿಯುತ್ತಾರೆ. ಕೀಲಿ ತಿರುಗಿಸಿದರು. ರಾತ್ರಿಯೆಲ್ಲ ದುಡಿದು ಬೆಳಿಗ್ಗೆ ಮರಳಿ ಕಾರು ಸೇರಿದ್ದ ಬ್ಯಾಟರಿ ಬಳಲಿತ್ತು, ಕಾರು ಒಮ್ಮೆ ಕೆಮ್ಮಿ ಸುಮ್ಮನಾಯಿತು.

"ಏನಾಯ್ತು ಸರ್?"

"ಇವತ್ತಿನ ಪಾಠ ಇದೇ," ಎಂದೆ. "ನಡುದಾರೀಲಿ ಕಾರು ನಿಂತ್ರೆ ತಳ್ಳೋದು ಹೇಗೆ. ಇಳೀರಿ."

ಬೀದಿಯ ತುದಿಯವರೆಗೆ ತಳ್ಳಿದರು. ಅತ್ತೆ ಕಿಟಕಿಯಿಂದ "ಬೆನ್ನು ಬಗ್ಗಿಸಪ್ಪಾ, ಕೈಯಲ್ಲಿ ತಳ್ಳಿದ್ರೆ ಹೋಗಲ್ಲ!" ಎಂದು ಹುರಿದುಂಬಿಸಿದರು. ಪಾಪ, ಬ್ಯಾಂಕಿನವರು ತಿರುಗಿ "ಥ್ಯಾಂಕ್ಸ್ ಅಜ್ಜಿ" ಎಂದರು.

ಮಾರ್ಚ್ ೧೮, ಮಂಗಳವಾರ

ಬ್ಯಾಟರಿ ಸತ್ತಿತು. ನನಗೆ ಗೊತ್ತಿರಬೇಕಿತ್ತು, ಕಲಿಯುವವರಿಗೆ ನಾನೇ ಹೇಳುವ ಮಾತು. ಕಾರಿನ ಬ್ಯಾಟರಿ ಒಂದೇ ಏಟಿಗೆ ಎಂಜಿನ್ನನ್ನು ಎಬ್ಬಿಸುವ ಪೈಲ್ವಾನ, ರಾತ್ರಿಯಿಡೀ ಬೀಸಣಿಗೆ ಬೀಸುವ ಆಳಲ್ಲ. ನಾಲ್ಕೈದು ರಾತ್ರಿ ಬೀಸಿಸಿದೆ, ನೆಲ ಕಚ್ಚಿತು. ಮಾಲೀಕರು ಬಂದು ಬಾನೆಟ್ ನೋಡಿದರು, ಮಂಚದ ಪಕ್ಕ ನೆಲದ ಮೇಲಿನ ಚೌಕದ ಗುರುತನ್ನೂ ನೋಡಿದರು.

"ಇದು ಕೊನೆ ಎಚ್ಚರಿಕೆ. ನಿದ್ದೇನೂ ಕೂಡದು, ಬ್ಯಾಟರೀನೂ ಕೂಡದು."

ಎಂದರೆ ಮಲಗಲೂ ಕೂಡದು, ಮಲಗದೆ ಇರಲೂ ಕೂಡದು.

ಮಾರ್ಚ್ ೧೯, ಬುಧವಾರ

ರಾತ್ರಿ ನಿದ್ದೆಯಿಲ್ಲ. ಬೆಳಿಗ್ಗೆ ಚಹಾ ಕುಡಿಯುತ್ತ ಲೋಟದೊಳಗೇ ತೂಕಡಿಸಿದೆ, ಮೂಗು ಸುಟ್ಟಿತು. ಎಂಟಕ್ಕೆ ಹೊರಟು ನೋಡಿದರೆ ಮುದುಕಿ ಚಪ್ಪಲಿ ಮೆಟ್ಟಿ, ಕೊಡೆ ಹಿಡಿದು ಬಾಗಿಲಲ್ಲಿ ನಿಂತಿದೆ.

"ಎಲ್ಲಿಗೆ?"

"ನಿಮ್ಮ ಜೊತೆ. ಹಿಂದಿನ ಸೀಟು ಖಾಲಿ ತಾನೇ? ಕತ್ತು ವಾಲಿದ್ರೆ ತಿವೀತೀನಿ."

"ಅದು ಪಾಠದ ಕಾರು. ಹೊರಗಿನವರು ಕೂರೋ ಹಾಗಿಲ್ಲ."

"ಪಾಠದ ಮೇಷ್ಟ್ರು ಮಲಗೋ ಹಾಗಿದೆಯಾ?"

ವಾದದಲ್ಲಿ ಇವರ ಮಗಳನ್ನೂ ನಾನು ಒಮ್ಮೆಯೂ ಗೆದ್ದವನಲ್ಲ. ಕೂರಿಸಿಕೊಂಡೆ.

ಹನ್ನೊಂದು ಸಲ ತಿವಿದರು. ಅದರಲ್ಲಿ ನಾಲ್ಕು ಸಲ ನಾನು ಎಚ್ಚರವಾಗಿಯೇ ಇದ್ದೆ. ಹೇಳಿದ್ದಕ್ಕೆ "ಮುಂಗಡ ಇರಲಿ" ಎಂದರು.

ಮಾರ್ಚ್ ೨೦, ಗುರುವಾರ

ತಿವಿತ. ಬೆನ್ನಿನ ಎಡಭಾಗ ನೋವು. ನಾಳೆ ಬಲಕ್ಕೆ ತಿವಿಯಲು ಹೇಳಬೇಕು.

ಮಾರ್ಚ್ ೨೨, ಶನಿವಾರ

ಒಂದು ವಿಚಿತ್ರ ಗಮನಿಸಿದೆ. ಕಲಿಯುವವರು ನನ್ನ ಮಾತಿಗಿಂತ ಹಿಂದಿನ ಸೀಟಿನ ಮಾತನ್ನು ಚೆನ್ನಾಗಿ ಕೇಳುತ್ತಾರೆ. ನಾನು "ಕ್ಲಚ್ಚನ್ನು ಅರ್ಧ ಬಿಡಿ, ಬೈಟಿಂಗ್ ಪಾಯಿಂಟ್ ಗಮನಿಸಿ" ಎಂದು ವಾರಗಟ್ಟಲೆ ಬಡಿದುಕೊಂಡರೂ ಬ್ಯಾಂಕಿನವರು ಕಾರನ್ನು ಕಪ್ಪೆಯಂತೆ ಕುಪ್ಪಳಿಸುತ್ತಿದ್ದರು. ಇವತ್ತು ಅತ್ತೆ ಹಿಂದಿನಿಂದ, "ಅಪ್ಪಾ, ಮಲಗಿದ ಮಗು ಪಕ್ಕದಿಂದ ಎದ್ದು ಬರೋವಾಗ ಕಾಲು ಹೇಗೆ ತೆಗೀತೀಯ? ಹಾಗೆ ತೆಗಿ" ಎಂದರು. ಕಾರು ಬೆಣ್ಣೆಯ ಮೇಲೆ ಜಾರಿದಂತೆ ಹೊರಟಿತು. ಬ್ಯಾಂಕಿನವರ ಕಣ್ಣಲ್ಲಿ ನೀರು.

ಸ್ಟೇರಿಂಗನ್ನೇ ಮುಟ್ಟದವರು ಇವರು. ಕೋಣನ ಮುಂದೆ ಕಿನ್ನರಿ ಬಾರಿಸಿದ್ದು ನಾನು, ತಲೆದೂಗಿಸಿದ್ದು ಅವರು.

ಮಾರ್ಚ್ ೨೫, ಮಂಗಳವಾರ

ಔಷಧಿ ಅಂಗಡಿಯ ಹುಡುಗಿ ಪರೀಕ್ಷೆಯಲ್ಲಿ ಪಾಸು. ಎರಡು ಲಾರಿಗಳ ನಡುವಿನ ಜಾಗಕ್ಕೆ ಹಿಂದಕ್ಕೆ ಹೊಡೆದು ನಿಲ್ಲಿಸಬೇಕಿತ್ತು, ಒಂದೇ ಸಲಕ್ಕೆ ನಿಲ್ಲಿಸಿದಳು. ಇಳಿದು ಬಂದವಳು ನನ್ನ ಕೈ ಕುಲುಕಿ, ಅತ್ತೆಯನ್ನು ಅಪ್ಪಿಕೊಂಡಳು. ಕೈಗೂ ಅಪ್ಪುಗೆಗೂ ಇರುವ ವ್ಯತ್ಯಾಸ ನನಗೆ ಕಾಣದೆ ಇರಲಿಲ್ಲ. ಇರಲಿ. ಕ್ರೆಡಿಟ್ ವೇರ್ ಕ್ರೆಡಿಟ್ ಈಸ್, ಮುಂದೇನೋ ಒಂದು ಇದೆ.

ಮಧ್ಯಾಹ್ನ ಎರಡು ಪಾಠಗಳ ನಡುವೆ ಆಟದ ಮೈದಾನದ ಪಕ್ಕ ಕಾರು ನಿಲ್ಲಿಸಿಕೊಂಡು ಬ್ರೆಡ್ ತಿಂದೆವು. ಈಗ ಬುತ್ತಿಯನ್ನೂ ಅವರೇ ಕಟ್ಟುತ್ತಾರೆ. ನನ್ನ ಪಾಲಿನ ಅಂಚು ಕತ್ತರಿಸಿದ್ದರು, ನನಗೆ ಅಂಚು ಸೇರದೆಂದು ಯಾವಾಗ ಹೇಳಿದ್ದೆನೋ.

ಅತ್ತೆ ಕಿಟಕಿಯಾಚೆ ನೋಡುತ್ತ ಹೇಳಿದರು. "ಮಗಳು ಫೋನ್ ಮಾಡಿದಾಗೆಲ್ಲ ಹೇಳ್ತಿದ್ದಳು. ರಾತ್ರಿ ಇವರ ಉಸಿರು ನಿಂತುಬಿಡುತ್ತಮ್ಮ, ಮೊಣಕೈಲಿ ಗುದ್ದಿದ್ರೆ ಮತ್ತೆ ಶುರುವಾಗುತ್ತೆ ಅಂತ."

"ನನಗೆ ಒಂದು ದಿನವೂ ಹೇಳಲಿಲ್ಲ."

"ಹೇಳೋಣ ಅಂದ್ರೆ ನೀವು ಮಲಗಿರ್ತಿದ್ರಿ."

ಇಬ್ಬರೂ ನಕ್ಕೆವು. ಬಹಳ ಹೊತ್ತು ನಕ್ಕೆವು. ಆಮೇಲೆ ಗಾಜು ಮಂಜಾದಂತೆ ಕಂಡು ವೈಪರ್ ಹಾಕಿದೆ. ಬಿಸಿಲಿತ್ತು. ಅತ್ತೆ ತಿವಿಯಲಿಲ್ಲ.

ಮಾರ್ಚ್ ೨೭, ಗುರುವಾರ

ಮಾಲೀಕರಿಗೆ ಅತ್ತೆಯ ವಿಷಯ ಗೊತ್ತಾಯಿತು. ಕೆಲಸ ಹೋಯಿತು ಎಂದುಕೊಂಡೇ ಒಳಗೆ ಹೋದೆ. ಹೊಸದಾಗಿ ಸೇರಲು ಬಂದ ಮೂವರು "ಅಜ್ಜಿ ಇರೋ ಕಾರೇ ಬೇಕು" ಎಂದರಂತೆ.

"ಅವರು ದಿನಾ ಬರ್ತಾರಾ?" ಎಂದು ಕೇಳಿದರು ಮಾಲೀಕರು.

"ಕರೆಂಟ್ ಸರಿಹೋಗೋವರೆಗೂ ಬರ್ತಾರೆ ಸರ್."

"ಹಾಗಾದ್ರೆ ನಿಧಾನವಾಗಿ ಸರಿಹೋಗಲಿ ಬಿಡಿ."

ಮನೆಗೆ ಹೋಗಿ ಹೇಳಿದೆ. ಅತ್ತೆ "ನನಗೇನು, ನಿಮ್ಮ ಬೆನ್ನು ಕಾಯೋಕೆ ಬರ್ತೀನಿ ಅಷ್ಟೇ" ಎಂದರು. ಸಂಜೆ ನೋಡಿದರೆ ಕೊಡೆಯ ತುದಿಗೆ ಬಟ್ಟೆ ಸುತ್ತಿ ಹೊಲಿಯುತ್ತಿದ್ದಾರೆ. ಬೆನ್ನು ನೋಯುತ್ತದೆಂದು ನಾನು ಅವರಿಗೆ ಹೇಳಿಯೇ ಇರಲಿಲ್ಲ.

ಮಾರ್ಚ್ ೩೦, ಭಾನುವಾರ

ನಿನ್ನೆ ಬ್ಯಾಂಕಿನವರು ಮಾರುಕಟ್ಟೆ ರಸ್ತೆಯಲ್ಲಿ ಸರಿಯಾಗಿ ಬಾಮೈದನ ಅಂಗಡಿಯ ಮುಂದೆಯೇ ಕಾರು ನಂದಿಸಿದರು. ಹೊರಗೆ ಕುರ್ಚಿ ಒರೆಸುತ್ತಿದ್ದ ಬಾಮೈದ ತಲೆ ಎತ್ತಿದರೆ, ಕಲಿಯುವವರ ಕಾರಿನ ಹಿಂದಿನ ಸೀಟಿನಲ್ಲಿ ಹೆತ್ತ ತಾಯಿ ಕೊಡೆ ಝಳಪಿಸುತ್ತ "ನ್ಯೂಟ್ರಲ್, ನ್ಯೂಟ್ರಲ್!" ಎಂದು ಕೂಗುತ್ತಿದ್ದಾರೆ.

ಇಂದು ಬೆಳಿಗ್ಗೆಯೇ ಬಂದ.

"ಭಾವ, ಎಂಬತ್ತರ ಹೆಂಗಸನ್ನ ಕಾರು ಬರದವರ ಕೈಲಿ ಕೊಟ್ಟು ಊರು ಸುತ್ತಿಸ್ತೀರಲ್ಲ, ನಿಮಗೆ ಬುದ್ಧಿ ಏನಾದ್ರೂ ಇದೆಯಾ?"

"ಎಪ್ಪತ್ತೊಂಬತ್ತು," ಎಂದರು ಅತ್ತೆ ಒಳಗಿನಿಂದ.

"ನೀನು ಸುಮ್ನಿರಮ್ಮ. ನಿನ್ನನ್ನ ಅಲಾರಂ ಮಾಡಿಕೊಂಡಿದ್ದಾರೆ. ಒಂದು ಬ್ಯಾಟರಿಗಾಗಿ ತಾನೇ ಇಷ್ಟೆಲ್ಲ? ನಾನು ತರ್ತೀನಿ. ದೊಡ್ಡ ಊರಿಂದ ತರಿಸ್ತೀನಿ. ಆಮೇಲೆ ನೀನು ಹೇಳಿದ ಮಾತಿಗೆ ನಿಲ್ಲಬೇಕು."

"ನಾನು ಯಾವತ್ತು ಮಾತು ತಪ್ಪಿದ್ದೀನಿ?"

ಅವನು ಹೇಳಿದ್ದು ತಪ್ಪೇನಲ್ಲ. ಮಗ ಕರೆಯುತ್ತಿದ್ದಾನೆ, ಕೋಣೆ ಇದೆ, ಕಿಟಕಿ ಇದೆ. ನಾನಾದರೂ ಕೇಳಿದ್ದು ಬ್ಯಾಟರಿಯನ್ನೇ. ಕೊನೆಗೂ ಬರುತ್ತಿದೆ. ಸಂತೋಷ.

ಊಟ ರುಚಿಸಲಿಲ್ಲ. ಉಪ್ಪು ಕಡಿಮೆ ಇತ್ತೋ ಏನೋ. ಅತ್ತೆಯೂ ಗಮನಿಸಲಿಲ್ಲ.

ಏಪ್ರಿಲ್ ೨, ಬುಧವಾರ

ಬ್ಯಾಟರಿ ಬಂತು. ಇಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಹೊಳೆಯುತ್ತದೆ, ಉಸಿರಿನ ಯಂತ್ರಕ್ಕೆಂದೇ ಮಾಡಿದ್ದಂತೆ. ನಡುವೆ ಪೆಟ್ಟಿಗೆಯ ಗೊಡವೆಯಿಲ್ಲ, ನೇರ ಚುಚ್ಚುವುದು. ಬಾಮೈದ ನೆಲದ ಮೇಲೆ ಕೂತು ಅಂಗಡಿಯವರು ಹೇಳಿಕೊಟ್ಟಂತೆ ನಮಗಿಬ್ಬರಿಗೂ ವಿವರಿಸಿದ.

"ಯಂತ್ರದ ಪಕ್ಕ ಈ ನೀರಿನ ತೊಟ್ಟಿ ಇದೆಯಲ್ಲ ಭಾವ, ಗಾಳಿಗೆ ತೇವ ಕೊಡೋದು, ಬ್ಯಾಟರಿ ಮೇಲೆ ಇರೋವಾಗ ಅದರ ಹೀಟರ್ ಮಾತ್ರ ಹಾಕಬೇಡಿ. ಯಂತ್ರ ಗುಟುಕು ಗುಟುಕಾಗಿ ಕುಡಿಯುತ್ತೆ, ಹೀಟರ್ ಕೊಡ ಎತ್ತಿ ಕುಡಿಯುತ್ತೆ. ಹೀಟರ್ ಆರಿಸಿದ್ರೆ ಬೆಳಗಾದ ಮೇಲೂ ಬ್ಯಾಟರಿ ಮಿಗುತ್ತೆ. ತಿಳೀತಾ?"

"ತಿಳೀತು," ಎಂದೆ.

"ತಿಳೀತು," ಎಂದರು ಅತ್ತೆ.

"ಇವತ್ತೇ ಪರೀಕ್ಷೆ ಮಾಡೋಣ."

ಇವತ್ತು ಬೇಡ ಎಂದೆ. ಸ್ವಲ್ಪ ನೆಗಡಿ ಬರುವ ಹಾಗಿತ್ತು.

ಏಪ್ರಿಲ್ ೩, ಗುರುವಾರ

ನೆಗಡಿ ಬರಲಿಲ್ಲ. ಆದರೆ ಹೊಸ ಬ್ಯಾಟರಿಯನ್ನು ತಂದ ಮಾರನೇ ದಿನವೇ ಬಳಸುವುದು ಒಳ್ಳೆಯದಲ್ಲ ಎಂದು ಎಲ್ಲೋ ಓದಿದ ನೆನಪು. ಅತ್ತೆಗೆ ಹೇಳಿದೆ. "ಹೌದು, ಹೊಸ ಮಡಕೆ ಕೂಡ ಹಾಗೇನೇ" ಎಂದರು. ಇಂಗ್ಲಿಷ್ ಓದದಿದ್ದರೂ ವಿಜ್ಞಾನ ಬೇಗ ಗ್ರಹಿಸುತ್ತಾರೆ.

ನಿನ್ನೆ ರಾತ್ರಿ ಬ್ಯಾಟರಿ ಕಪಾಟಿನಲ್ಲಿತ್ತು, ಉಸಿರು ಕಟ್ಟುತ್ತಿತ್ತು. ಬೆಳಿಗ್ಗೆ ಪಾಠದಲ್ಲಿ ಆರು ತಿವಿತ. ಬಟ್ಟೆ ಸುತ್ತಿದ ಮೇಲೆ ತಿವಿತ ಹಿತವಾಗಿದೆ.

ಏಪ್ರಿಲ್ ೪, ಶುಕ್ರವಾರ

ಬಾಮೈದನ ಫೋನು. ನಾಳೆ ರಾತ್ರಿ ತಾನೇ ಬಂದು ಇಲ್ಲೇ ಮಲಗುತ್ತಾನಂತೆ. ಬೆಳಗಿನವರೆಗೆ ಯಂತ್ರ ನಡೆದರೆ ಭಾನುವಾರ ತಾಯಿಯನ್ನು ಕರೆದುಕೊಂಡು ಹೋಗುವುದೇ.

ಅತ್ತೆ ಮಧ್ಯಾಹ್ನ ಬ್ಯಾಗ್ ತೆಗೆದು ಧೂಳು ಒರೆಸಿದರು. ಏನೂ ತುಂಬಿಸಲಿಲ್ಲ. ಬಾಯಿ ತೆರೆದುಕೊಂಡು ಕೂತಿದೆ ಆ ಬ್ಯಾಗು, ನಡುಮನೆಯಲ್ಲಿ. ಎರಡು ಸಲ ಎಡವಿದೆ.

ಏಪ್ರಿಲ್ ೬, ಭಾನುವಾರ

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಬಾಮೈದ ರಾತ್ರಿ ಒಂಬತ್ತಕ್ಕೇ ಬಂದು ನಡುಮನೆಯ ಸೋಫಾದ ಮೇಲೆ ಕಾವಲು ಕೂತ. ಬ್ಯಾಟರಿಯನ್ನು ತಾನೇ ಚುಚ್ಚಿದ, ಅದರ ಚಾರ್ಜ್ ತೋರಿಸುವ ನಾಲ್ಕೂ ದೀಪ ಹಸಿರು. ಹತ್ತಕ್ಕೆ ಕರೆಂಟ್ ಹೋಯಿತು, ಯಂತ್ರ ನಿಲ್ಲಲಿಲ್ಲ. "ನೋಡಿದ್ಯಾಮ್ಮ!" ಎಂದು ಗೆದ್ದವನಂತೆ ಹೋಗಿ ಸೋಫಾದಲ್ಲಿ ಕಾಲು ಚಾಚಿದ.

ಸ್ವಲ್ಪ ಹೊತ್ತಿಗೆ ಅತ್ತೆ ಮೇಣದಬತ್ತಿ ಹಿಡಿದು ನನ್ನ ಕೋಣೆಗೆ ಬಂದರು. ಇನ್ನೊಂದು ಕೈಯಲ್ಲಿ ನೀರಿನ ಜಗ್ಗು. ಯಂತ್ರದ ತೊಟ್ಟಿಯನ್ನು ಎಳೆದು ಕಂಠಮಟ್ಟ ತುಂಬಿಸಿದರು.

"ನಿಮಗೆ ಗಂಟಲು ಒಣಗುತ್ತೆ," ಎಂದರು.

"ಹೀಟರ್ ಹಾಕಬಾರದು ಅಂದಿದ್ದಾನೆ."

"ನಾನು ತುಂಬಿಸಿದ್ದು ನೀರು. ಹೀಟರು ಗೀಟರು ನನಗೇನು ಗೊತ್ತು, ನಾನು ಓದಿದವಳಾ?"

ಬತ್ತಿ ಹಿಡಿದುಕೊಂಡು ಹೋದರು. ನಾನು ಕತ್ತಲಲ್ಲಿ ಕೂತೆ. ಗಂಟಲು ಒಣಗುವುದು ನಿಜ. ಅಷ್ಟು ನೀರು ತುಂಬಿಸಿಟ್ಟ ಮೇಲೆ ಸುಮ್ಮನೆ ಬಿಡುವುದೂ ಸರಿಯಲ್ಲ. ಸ್ವಲ್ಪವೇ ಸ್ವಲ್ಪ ಬೆಚ್ಚಗಿರಲೆಂದು ಗುಂಡಿ ತಿರುಗಿಸಿದೆ. ಕತ್ತಲಲ್ಲಿ ಕೈ ತಪ್ಪಿ ಕೊನೆಯ ಅಂಕಿಯವರೆಗೂ ಹೋಗಿರಬೇಕು. ಈ ವಯಸ್ಸಿನಲ್ಲಿ ಕೈ ತಪ್ಪುವುದು ಸಹಜ.

ಯಂತ್ರ ಯಾವಾಗ ನಿಂತಿತೋ ಗೊತ್ತಿಲ್ಲ. ಗೋಡೆ ಬಡಿಯುವ ಸದ್ದಿಗೆ ಎಚ್ಚರವಾಯಿತು. "ಅಳಿಯಂದ್ರೇ! ಇದ್ದೀರೋ?" ಮುಖವಾಡ ಕಿತ್ತು "ಇದ್ದೀನಿ!" ಎಂದು ಕೂಗಿದೆ. ಗೋಡೆಯಾಚೆಯಿಂದ ಸಣ್ಣದಾಗಿ, "ಹಾಗಾದ್ರೆ ಮಲಗು."

ಕಾವಲುಗಾರನಿಗೆ ಇದ್ಯಾವುದೂ ತಿಳಿಯಲಿಲ್ಲ. ಸೋಫಾದ ಮೇಲೆ ಲಾರಿ ಏರು ಹತ್ತುವಂತೆ ಗೊರಕೆ ಹೊಡೆಯುತ್ತಿದ್ದ.

ಬೆಳಿಗ್ಗೆ ಬ್ಯಾಟರಿ ನೋಡಿದ. ಒಂದು ದೀಪವೂ ಇಲ್ಲ. "ಇದು ಹೇಗೆ ಖಾಲಿಯಾಯ್ತು? ಅಂಗಡಿಯವನು ಮೋಸ ಮಾಡಿದನಾ?" ಎಂದು ತೊಟ್ಟಿಯನ್ನು ಹೊರಗೆಳೆದ. ರಾತ್ರಿ ಬರಿದಾಗಿದ್ದ ತೊಟ್ಟಿಯಲ್ಲಿ ಈಗ ಅರ್ಧ ನೀರು. ತೊಟ್ಟಿಯ ಒಳಮೈಗೆಲ್ಲ ಹನಿ ಕಟ್ಟಿತ್ತು. ಗುಂಡಿಯನ್ನು ನೋಡಿದ. ಅದು ಕೊನೆಯ ಅಂಕಿಯಲ್ಲೇ ನಿಂತಿತ್ತು. ನನ್ನನ್ನು ನೋಡಿದ. ನಾನು ಚಾವಣಿ ನೋಡಿದೆ. ತಾಯಿಯನ್ನು ನೋಡಿದ. ಅವರು ಜಗ್ಗು ತೊಳೆಯುತ್ತಿದ್ದರು, ಅದು ತೊಳೆದೇ ಇದ್ದ ಜಗ್ಗು.

ತೊಟ್ಟಿಯನ್ನು ಮತ್ತೆ ಯಂತ್ರಕ್ಕೆ ಸೇರಿಸಿ, ಗುಂಡಿಯನ್ನು ಸೊನ್ನೆಗೆ ತಿರುಗಿಸಿದ. ಅವನ ಮುಖವೂ ಅವನ ಅಕ್ಕನದೇ, ಕೋಪ ಬಂದರೂ ನಗು ಬಂದರೂ ಮೊದಲು ಮೂಗೇ ಅರಳುವುದು.

"ಇದಕ್ಕಿಂತ ದೊಡ್ಡ ಬ್ಯಾಟರಿ ಸಿಗುತ್ತೆ ಭಾವ," ಎಂದ ಕೊನೆಗೆ. "ಹೀಟರ್ ಹಾಕಿದ್ರೂ ಬೆಳಗಿನವರೆಗೆ ಬರೋ ಅಂಥದ್ದು. ತರಿಸ್ಲಾ?"

"ಸ್ಲೋ ಅಂಡ್ ಸ್ಟೆಡಿ..." ಎಂದು ಶುರು ಮಾಡಿದೆ, ಮುಂದಿನದು ಮರೆತಿತ್ತು.

"ತರಿಸು, ತರಿಸು," ಎಂದರು ಅತ್ತೆ. "ನಿಧಾನವಾಗಿ ತರಿಸು. ಅವಸರ ಏನಿಲ್ಲ. ಅಷ್ಟರಲ್ಲಿ ನೀನೂ ಒಂದ್ಸಲ ಡಾಕ್ಟರಿಗೆ ತೋರಿಸಿಕೋ. ನಿನ್ನ ಗೊರಕೇನೂ ಮಧ್ಯೆ ಮಧ್ಯೆ ನಿಲ್ಲುತ್ತೆ, ರಾತ್ರಿಯೆಲ್ಲ ಕೇಳಿಸಿಕೊಂಡೆ."

"ನಿನ್ನ ಕೋಣೆಗೆ ಬೀಗ ಹಾಕಲ್ಲಮ್ಮ," ಎಂದ ಅವನು. "ಭಾನುವಾರ ಭಾನುವಾರನಾದ್ರೂ ಊಟಕ್ಕೆ ಬಾ. ಇವರನ್ನೂ ಕರ್ಕೊಂಡು ಬಾ."

ಹೋಗುವಾಗ ಬಾಗಿ, ತೆರೆದಿದ್ದ ಬ್ಯಾಗಿನ ಜಿಪ್ಪು ಎಳೆದು, ಕಪಾಟಿನ ಮೇಲಕ್ಕೆ ಎತ್ತಿಟ್ಟ.

ಏಪ್ರಿಲ್ ೧೬, ಬುಧವಾರ

ತಂತಿಯ ಕೆಲಸ ಮುಗಿದಿದೆ. ವಾರದಿಂದ ಕರೆಂಟ್ ಹೋಗಿಲ್ಲ. ಕಂಬದ ಚೀಟಿಯನ್ನೂ ಕಿತ್ತಿದ್ದಾರೆ. ಮಲಗಿದರೆ ಬೆಳಗಾದ ಮೇಲೇ ಎಚ್ಚರ. ಹಗಲು ಒಮ್ಮೆಯೂ ಆಕಳಿಕೆ ಬಂದದ್ದಿಲ್ಲ.

ಎಂಟಕ್ಕೆ ಕಾರಿನ ಬಳಿ ಹೋದೆ. ಅತ್ತೆ ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದರು, ಕೊಡೆ ಮಡಿಲಲ್ಲಿ, ಬುತ್ತಿ ಪಕ್ಕದಲ್ಲಿ. ಕೇಳಬೇಕಾದ್ದೇನೂ ಇರಲಿಲ್ಲ. ಬ್ಯಾಂಕಿನವರು ಸೀಟು ಸರಿಪಡಿಸಿಕೊಂಡರು, ಬೆಲ್ಟ್ ಹಾಕಿದರು, ಗೇರು ಹಾಕಿದರು, ಕನ್ನಡಿ ನೋಡದೆ ಹೊರಟೇಬಿಟ್ಟರು.

ಇಬ್ಬರೂ ಒಟ್ಟಿಗೇ ಬೈದೆವು.